ಕಾರವಾರದ ಹುಳು, ಲಂಡನ್ನಿನ ಹೆಸರು

ಮಳೆಗಾಲ ಹಿಡಿದು ತಿಂಗಳಾಗುವುದರೊಳಗೆ ಮಲೆನಾಡಿನ ಯಾವುದೋ ಒಂದು ಊರಿನಿಂದ ಆ ಸುದ್ದಿ ಬಂದೇ ಬರುತ್ತದೆ. ಶಾಲೆಯ ಗೋಡೆಯ ಮೇಲೋ, ಬಸ್ ನಿಲ್ದಾಣದ ಟ್ಯೂಬ್‌ಲೈಟಿನ ಕೆಳಗೋ, ತೋಟದ ಮನೆಯ ಜಗಲಿಯಲ್ಲೋ ಒಂದು ದೈತ್ಯ ಪತಂಗ ಬಂದು ಕೂತಿರುತ್ತದೆ. ಕೆಂಗಂದು ಮೈ, ನಾಲ್ಕು ರೆಕ್ಕೆಗಳಿಗೂ ಗಾಜಿನ ಕಿಟಕಿ ಕೂರಿಸಿದಂತೆ ಒಂದೊಂದು ತ್ರಿಕೋನ, ಮುಂದಿನ ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ತಿರುವು. ಮರುದಿನ ಪತ್ರಿಕೆಯಲ್ಲಿ ಫೋಟೊ. ಕೆಳಗೆ ಮೂರು ಮಾತು: ಇದು ಅಟ್ಲಾಸ್ ಪತಂಗ, ಜಗತ್ತಿನಲ್ಲೇ ಅತಿ ದೊಡ್ಡದು, ಬಲು ಅಪರೂಪ.

ಈ ಮೂರು ಮಾತಿನಲ್ಲಿ ಒಂದೂ ನೆಟ್ಟಗಿಲ್ಲ.

ಅಟಾಕಸ್ ಅಟ್ಲಾಸ್ ಎಂಬುದು ಲಿನೇಯಸ್ 1758ರಲ್ಲಿ ಹೆಸರಿಟ್ಟ ಪತಂಗ. ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳು, ಅಲ್ಲಿಂದಾಚೆ ಆಗ್ನೇಯ ಏಷ್ಯಾ ಅದರ ನೆಲೆ. ನಮ್ಮ ಘಟ್ಟದಲ್ಲಿ ಹಾರುವುದು ಅಟಾಕಸ್ ತಪ್ರೊಬಾನಿಸ್. 1880ರ ದಶಕದಲ್ಲಿ ಫ್ರೆಡರಿಕ್ ಮೂರ್ ಎಂಬ ಇಂಗ್ಲಿಷ್ ಕೀಟತಜ್ಞ ಸಿಲೋನಿನ ಪತಂಗಗಳ ಬಗ್ಗೆ ಬರೆಯುವಾಗ ಇದನ್ನು ಬೇರೆಯೆಂದು ಗುರುತಿಸಿದ. ತಪ್ರೊಬಾನೆ ಎಂದರೆ ಹಳೆಯ ಗ್ರೀಕರ ಬಾಯಲ್ಲಿ ಲಂಕೆ. ಆಮೇಲೆ ಬಂದ ಅನೇಕರು ಇದನ್ನು ಅಟ್ಲಾಸಿನದೇ ಒಂದು ಉಪಜಾತಿ ಎಂದು ಅದರೊಳಗೆ ಸೇರಿಸಿಬಿಟ್ಟರು. 1989ರಲ್ಲಿ ರಿಚರ್ಡ್ ಪೀಗ್ಲರ್ ಇಡೀ ಅಟಾಕಸ್ ಕುಲವನ್ನು ಮತ್ತೆ ಬಿಡಿಸಿ ಕೂತಾಗ, ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಈ ಪತಂಗ ತನ್ನದೇ ಜಾತಿಯಾಗಿ ನಿಂತಿತು. ಅದಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದಿದೆ. ನಮ್ಮ ಗೋಡೆಯ ಮೇಲಿನ ಪತಂಗಕ್ಕೆ ನಾವು ಇನ್ನೂ ನೆರೆಮನೆಯವರ ಹೆಸರು ಹಿಡಿದು ಕೂಗುತ್ತಿದ್ದೇವೆ.

ಅತಿ ದೊಡ್ಡದು ಎಂಬ ಮಾತೂ ಅಷ್ಟೇ. ರೆಕ್ಕೆಯ ಹರವು ಅಳೆದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನ ಥೈಸೇನಿಯಾ ಅಗ್ರಿಪ್ಪಿನಾ ಮುಂದೆ. ರೆಕ್ಕೆಯ ವಿಸ್ತೀರ್ಣ ಲೆಕ್ಕ ಹಾಕಿದರೆ ನ್ಯೂಗಿನಿ ಮತ್ತು ಉತ್ತರ ಆಸ್ಟ್ರೇಲಿಯಾದ ಹರ್ಕ್ಯುಲಿಸ್ ಪತಂಗ ಮುಂದೆ. ಹಾವಿನ ತಲೆಯಂತಿದೆ ಎನ್ನುವುದು ನೋಡುವ ಮನುಷ್ಯನ ಕಣ್ಣು ಹೇಳುವ ಮಾತು. ಹಕ್ಕಿಯ ಕಣ್ಣಿಗೂ ಹಾಗೇ ಕಾಣುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಇನ್ನು ಅಪರೂಪ ಎಂಬ ಮಾತು ಪತಂಗದ ಬದುಕನ್ನು ನೋಡದೆ ಆಡಿದ್ದು. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣಲು ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದು ವಾರ, ಹೆಚ್ಚೆಂದರೆ ಎರಡು ವಾರ ಬದುಕುತ್ತದೆ. ಹೆಣ್ಣು ಕೂತಲ್ಲೇ ಕೂತು ಗಾಳಿಗೆ ವಾಸನೆ ಬಿಡುತ್ತದೆ. ಗಂಡು ತನ್ನ ಗರಿಯಂಥ ಮೀಸೆಯಲ್ಲಿ ಅದನ್ನು ಹಿಡಿದು ಕತ್ತಲಲ್ಲಿ ಹುಡುಕಿ ಬರುತ್ತದೆ. ಮಿಕ್ಕ ದಿನವೆಲ್ಲ ಅದು ಮೊಟ್ಟೆ, ಎಲೆ ಮೇಯುವ ಹಸಿರು ಹುಳು, ಒಣಗಿದ ಎಲೆಯಂತೆ ಕೊಂಬೆಗೆ ತೂಗುವ ಕಂದು ಗೂಡು. ಗೋಡೆಯ ಮೇಲೆ ಕಂಡದ್ದು ವರ್ಷದಲ್ಲಿ ಹತ್ತು ದಿನದ ರೂಪ. ಮುನ್ನೂರೈವತ್ತು ದಿನ ನಾವು ಅದರ ಪಕ್ಕದಲ್ಲೇ ಓಡಾಡಿಕೊಂಡು ಅದನ್ನು ಕಾಣದೆ ಇರುತ್ತೇವೆ, ಆಮೇಲೆ ಅಪರೂಪ ಎನ್ನುತ್ತೇವೆ.

ಇಷ್ಟಾಗಿ ನನ್ನ ತಕರಾರು ಪತ್ರಿಕೆಯವರ ಮೇಲಲ್ಲ. ಆ ಸುದ್ದಿಯ ಬೆನ್ನಿಗೆ ಓದುಬರಹ ಬಲ್ಲವರು, ಕಾಡು ಸುತ್ತುವವರು, ಕ್ಯಾಮೆರಾ ಹಿಡಿದವರು ಎಲ್ಲರೂ ಒಪ್ಪಿಕೊಂಡಿರುವ ಒಂದು ನಂಬಿಕೆ ನಿಂತಿದೆ. ಫೋಟೊ ಚೆನ್ನಾಗಿದ್ದರೆ ಹೆಸರು ಸಿಗುತ್ತದೆ, ಹೆಸರು ಸಿಕ್ಕರೆ ಜೀವಿ ತಿಳಿದಂತಾಯಿತು, ಹೆಸರಿಲ್ಲದ್ದು ಸಿಕ್ಕರೆ ಹೊಸದೊಂದು ಹೆಸರಿಟ್ಟರೆ ಮುಗಿಯಿತು ಎಂಬ ನಂಬಿಕೆ. ಈ ನಂಬಿಕೆ ಉಷ್ಣವಲಯದ ಕಾಡಿಗೆ ಹೊಂದುವುದಿಲ್ಲ, ಅದರಲ್ಲೂ ಪತಂಗಕ್ಕೆ ಹೊಂದುವುದೇ ಇಲ್ಲ ಎಂಬುದು ನನ್ನ ವಾದ.

ಆ ಪಕ್ಷದವರ ಮಾತಿನಲ್ಲಿ ಸತ್ಯವಿದೆ, ಅದನ್ನು ಮೊದಲು ಒಪ್ಪಬೇಕು. ಇಪ್ಪತ್ತು ವರ್ಷದ ಹಿಂದೆ ಪತಂಗ ಎಂದರೆ ದೀಪಕ್ಕೆ ಬಿದ್ದು ಸಾಯುವ ಹುಳ, ಅಷ್ಟೇ. ಇವತ್ತು ಕುಮಟಾದ ಕಾಲೇಜು ಹುಡುಗಿ, ಸಕಲೇಶಪುರದ ಕಾಫಿ ಬೆಳೆಗಾರ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವ ನಿವೃತ್ತ ಮೇಷ್ಟ್ರು, ಎಲ್ಲರ ಫೋನಿನಲ್ಲೂ ಪತಂಗದ ಚಿತ್ರಗಳಿವೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಪತಂಗ ಸಪ್ತಾಹವನ್ನು ಜುಲೈ ಕೊನೆಗೆ ನಮ್ಮಲ್ಲೂ ಬಿಳಿ ಬಟ್ಟೆ ಕಟ್ಟಿ ಆಚರಿಸುತ್ತಾರೆ. ಒಂದು ಜೀವವನ್ನೂ ಕೊಲ್ಲದೆ ಇಷ್ಟು ಜನ ನೋಡಲು ಕಲಿತಿದ್ದಾರೆ. ಇದು ಸಣ್ಣ ಸಂಗತಿ ಅಲ್ಲ.

ಆದರೆ ಫೋಟೊ ನೋಡಿ ಹೆಸರು ಹೇಳುವ ಪದ್ಧತಿ ಹುಟ್ಟಿದ್ದೆಲ್ಲಿ? ಬ್ರಿಟನ್ನಿನಲ್ಲಿ ಇರುವುದು ಸುಮಾರು 2,500 ಜಾತಿಯ ಪತಂಗ. ಇನ್ನೂರು ವರ್ಷದಿಂದ ಪಾದ್ರಿಗಳು, ವೈದ್ಯರು, ಶಾಲಾ ಮೇಷ್ಟ್ರುಗಳು ಅವುಗಳ ಮೊಟ್ಟೆ, ಹುಳು, ಕೋಶ, ತಿನ್ನುವ ಗಿಡ, ಹಾರುವ ತಿಂಗಳು ಎಲ್ಲ ಬರೆದಿಟ್ಟಿದ್ದಾರೆ. ಅಂಥ ಕಡೆ ಫೋಟೊ ಎಂದರೆ ಈಗಾಗಲೇ ಬರೆದು ಮುಗಿಸಿದ ಪುಸ್ತಕದ ಪುಟ ತೆರೆಯುವ ಕೀಲಿಕೈ. ಭಾರತದಲ್ಲಿ ಹೆಸರು ಪಡೆದ ಪತಂಗಗಳೇ ಹತ್ತು ಸಾವಿರಕ್ಕೂ ಮೇಲೆ. ಬಹುಪಾಲು ಹೆಸರುಗಳ ಹಿಂದೆ ಒಂದೆರಡು ಒಣಗಿದ ಮಾದರಿ, ಹತ್ತು ಸಾಲಿನ ಬರಹ ಬಿಟ್ಟರೆ ಇನ್ನೇನೂ ಇಲ್ಲ. ಪುಸ್ತಕವೇ ಬರೆದಾಗಿಲ್ಲ, ಕೀಲಿಕೈ ತಿರುಗಿಸಿ ಏನು ಮಾಡುವುದು? ಫೋನಿನ ಆ್ಯಪ್ ತಾನು ಮೊದಲು ಕಂಡ ಚಿತ್ರಗಳೊಂದಿಗೆ ಹೊಸ ಚಿತ್ರವನ್ನು ಹೋಲಿಸುತ್ತದೆ. ಅದರ ಬಳಿ ಇಲ್ಲದ ಜಾತಿಯನ್ನು ಅದು ಹೇಳಲಾರದು. ಇದ್ದುದರಲ್ಲಿ ಹತ್ತಿರದ್ದನ್ನು ಹೇಳುತ್ತದೆ. ನಾವು ಅದನ್ನು ಉತ್ತರ ಎಂದುಕೊಳ್ಳುತ್ತೇವೆ.

ನಾನೂ ಹಾಗೇ ಅಂದುಕೊಂಡವನು. ಯಲ್ಲಾಪುರದ ಕಡೆ ಗೆಳೆಯರ ಮನೆಯ ಅಂಗಳದಲ್ಲಿ ಒಂದು ಜೂನ್ ರಾತ್ರಿ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿ ಕೂತಿದ್ದೆವು. ಜಿಟಿಜಿಟಿ ಮಳೆ. ಏಳೂವರೆಗೆ ಶುರುವಾಗಿ ಒಂಬತ್ತರವರೆಗೆ ಉಗುರಿನಷ್ಟು ಸಣ್ಣವು ಬಂದವು, ಬೂದು, ಕಂದು, ಸುಣ್ಣದ ಬಿಳಿ. ಹನ್ನೊಂದು ದಾಟಿದ ಮೇಲೆ ಪಂಚೆಗೆ ಕಲ್ಲು ಹೊಡೆದ ಹಾಗೆ ಧಪ್ ಎಂದು ಬಿತ್ತೊಂದು. ಹಸಿರಿನಲ್ಲಿ ಹತ್ತು ಬಗೆ, ನಡುವೆ ನಸುಗೆಂಪು ಮತ್ತು ಬಿಳಿಯ ಸುಳಿ, ನೀರಿನ ಮೇಲೆ ಬಣ್ಣ ಹರಡಿ ಕಾಗದ ಒತ್ತಿದಂಥ ಮೈ. ಎದೆ ಬಿಸಿಯಾಗಲೆಂದು ರೆಕ್ಕೆಯನ್ನು ಗಡಗಡ ನಡುಗಿಸುತ್ತಿತ್ತು. ಫೋನು ಡಾಫ್ನಿಸ್ ನೀರಿಯೈ ಎಂದಿತು, ಕಣಗಿಲೆಯ ಪತಂಗ. ನಾನು ಹಾಗೇ ಬರೆದುಕೊಂಡೆ, ನಾಲ್ಕು ಜನಕ್ಕೆ ಕಳಿಸಿದೆ, ಆ ಊರಿನ ಜೀವಿಗಳ ಪಟ್ಟಿಗೂ ಅದು ಸೇರಿತು. ಎರಡು ವರ್ಷ ಕಳೆದು ಒಬ್ಬ ಹಿರಿಯರು ಅದೇ ಚಿತ್ರ ನೋಡಿ ರೆಕ್ಕೆಯ ತುದಿಯಲ್ಲಿದ್ದ ಎಳ್ಳಿನಷ್ಟು ಬಿಳಿ ಚುಕ್ಕೆ ತೋರಿಸಿದರು. ಅದು ಡಾಫ್ನಿಸ್ ಹೈಪೋಥೌಸ್. ಒಡಹುಟ್ಟಿದಂತೆ ಕಾಣುವ ಬೇರೆ ಜಾತಿ.

ಒಂದು ಚುಕ್ಕೆ ಹೆಚ್ಚೋ ಕಡಿಮೆಯೋ ಆದರೆ ಏನಾಯಿತು ಎಂದು ಕೇಳುವವರಿದ್ದಾರೆ. ನೀರಿಯೈ ಹುಳು ಮೇಯುವುದು ಕಣಗಿಲೆ ಮತ್ತು ನಂದಿಬಟ್ಟಲಿನ ಕುಟುಂಬದ ಗಿಡಗಳನ್ನು. ಹಿತ್ತಲಲ್ಲಿ ನಂದಿಬಟ್ಟಲು ನೆಟ್ಟರೆ ಪೇಟೆಗೂ ಬರುತ್ತದೆ. ಹೈಪೋಥೌಸಿಗೆ ಬೇಕಾದದ್ದು ಕಾಫಿಯ ಕುಟುಂಬಕ್ಕೆ ಸೇರಿದ ಮರಬಳ್ಳಿಗಳು. ನನ್ನ ತಪ್ಪು ಹೆಸರಿನಿಂದ ಆ ಪಟ್ಟಿಯಲ್ಲಿ ಒಂದು ಕಾಡಿನ ಮರವೇ ಕಾಣೆಯಾಗಿ ಅಂಗಳದ ಗಿಡ ಬಂದು ಕೂತಿತು. ರೆಕ್ಕೆ ಸವೆದ ಪತಂಗವಾಗಿದ್ದರೆ ಆ ಚುಕ್ಕೆಯೂ ಉಳಿಯುತ್ತಿರಲಿಲ್ಲ. ಆ ಹಿರಿಯರೂ ಸುಮ್ಮನಿರುತ್ತಿದ್ದರು.

ಇನ್ನೂ ಸಾವಿರಾರು ಜಾತಿಗಳಿಗೆ ಆ ಒಂದು ಚುಕ್ಕೆಯ ದಯೆಯೂ ಇಲ್ಲ. ಸಣ್ಣ ಕಂದು ಪತಂಗಗಳಲ್ಲಿ ರೆಕ್ಕೆ ನೋಡಿ ಬೇರೆ ಮಾಡಲಾಗದ ಗುಂಪುಗಳೇ ಹೆಚ್ಚು. ಅಲ್ಲಿ ಹೊಟ್ಟೆಯ ತುದಿಯೊಳಗಿನ ಜನನಾಂಗದ ರಚನೆಯೇ ಸಾಕ್ಷಿ. ಆ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದವರು ಫೋಟೊವನ್ನು ಕೊನೆಯ ಮಾತು ಎನ್ನಲಾರರು. ಒಣಗಿದ ಪತಂಗದ ಹೊಟ್ಟೆಯನ್ನು ಚಿಮಟಿಗೆಯಿಂದ ಮೆಲ್ಲಗೆ ಮೇಲಕ್ಕೆತ್ತಿದರೆ ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಅದನ್ನು ಶೇಕಡಾ 10ರ ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಗಾಗುವ ಹೊತ್ತಿಗೆ ಮಾಂಸ, ಕೊಬ್ಬು ಕರಗಿ, ಗಟ್ಟಿ ಭಾಗ ಮಾತ್ರ ಜೇನಿನ ಬಣ್ಣದ ಗಾಜಿನಂತೆ ಉಳಿದಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ, ಎರಡು ಕೂದಲೆಳೆಯ ಕುಂಚದಿಂದ ಹುರುಪೆ ಗುಡಿಸಿ ನೋಡಿದರೆ ಕೊಕ್ಕೆ, ಹಿಡಿ, ಮುಳ್ಳು, ಕೊಳವೆ. ಹೊರಗೆ ಒಂದೇ ಥರ ಕಂಡ ಎರಡು ಪತಂಗಗಳ ಒಳಗೆ ಎರಡು ಬೇರೆ ಬೀಗ. ಆ ಪುಟ್ಟ ಭಾಗವನ್ನು ಗ್ಲಿಸರಿನ್ ತುಂಬಿದ ಅಕ್ಕಿಕಾಳಿನಷ್ಟು ಸೀಸೆಯಲ್ಲಿಟ್ಟು ಅದೇ ಪತಂಗದ ಸೂಜಿಗೆ ಚುಚ್ಚಿಡುತ್ತಾರೆ, ಊರು, ತಾರೀಕು, ಎತ್ತರ, ಹಿಡಿದವರ ಹೆಸರು ಬರೆದ ಚೀಟಿಯ ಜೊತೆ. ನೂರು ವರ್ಷ ಬಿಟ್ಟು ಬೇರೆ ಯಾರೋ ಬಂದು ನೀನು ಹೇಳಿದ್ದು ತಪ್ಪು ಎನ್ನಬೇಕಾದರೆ ಅವರಿಗೆ ಬೇಕಾದ ಸಾಕ್ಷಿ ಅಲ್ಲಿರುತ್ತದೆ. ಫೋಟೊದ ಮೇಲೆ ಈ ತಕರಾರು ಹೂಡಲಾಗದು. ಅದು ತೋರಿಸಿದ್ದನ್ನಷ್ಟೇ ತೋರಿಸುತ್ತದೆ, ತಿರುಗಿಸಿ ನೋಡಲು ಬಿಡುವುದಿಲ್ಲ.

ಕೊಲ್ಲುವ ಮಾತು ಇಲ್ಲಿ ಬರುತ್ತದೆ, ಬರಲೇಬೇಕು. ಕಂಡದ್ದನ್ನೆಲ್ಲ ಹಿಡಿದು ಡಬ್ಬಿ ತುಂಬುವ ಚಟವನ್ನು ನಾನು ಸಮರ್ಥಿಸುವುದಿಲ್ಲ. ಕಾಯ್ದಿಟ್ಟ ಕಾಡಿನಲ್ಲಿ ಅನುಮತಿಯಿಲ್ಲದೆ ಒಂದು ಹುಳುವನ್ನೂ ಮುಟ್ಟಬಾರದು ಎಂಬ ಕಾನೂನು ಸರಿಯಾಗಿದೆ. ಆದರೆ ಅಹಿಂಸೆಯ ಹೆಸರಲ್ಲಿ ಅಧ್ಯಯನಕ್ಕೆಂದು ತೆಗೆದ ಒಂದು ಗಂಡು ಪತಂಗದ ಬಗ್ಗೆ ಕಣ್ಣೀರಿಟ್ಟು, ಊರಿನ ತುದಿಯವರೆಗೂ ಹಾಕಿದ ಬಿಳಿ ಬೀದಿದೀಪದ ಕೆಳಗೆ ದಿನಾ ಬೆಳಗ್ಗೆ ಗುಡಿಸಿ ಎಸೆಯುವ ರಾಶಿಯ ಬಗ್ಗೆ ಸುಮ್ಮನಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇದೆಲ್ಲ ಬ್ರಿಟಿಷರು ಕಲಿಸಿದ ಸಂಗ್ರಹದ ಚಾಳಿ ಎನ್ನುವವರಿಗೂ ಒಂದು ಮಾತು. ನಮ್ಮ ಅನೇಕ ಪತಂಗಗಳ ಮೂಲ ಮಾದರಿಗಳು ಲಂಡನ್ನಿನಲ್ಲಿವೆ ಎಂಬ ನೋವು ನನಗೂ ಇದೆ. ಅದಕ್ಕೆ ಪರಿಹಾರ ಸಂಗ್ರಹ ನಿಲ್ಲಿಸುವುದರಲ್ಲಿ ಇಲ್ಲ. ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ, ಜಿಕೆವಿಕೆಯ ಕೀಟ ಸಂಗ್ರಹದಲ್ಲಿ ನಮ್ಮ ಕಾಡಿನ ಸಾಕ್ಷಿ ನಮ್ಮಲ್ಲೇ ಇರುವಂತೆ ಮಾಡುವುದರಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ವಾದದ ಅರ್ಧ. ಮಾದರಿಯೇ ಎಲ್ಲವೂ ಎಂದುಕೊಳ್ಳುವವರಿಗೆ ಹೇಳಬೇಕಾದ ಇನ್ನರ್ಧಕ್ಕೆ ಕಾರವಾರಕ್ಕೆ ಹೋಗಬೇಕು.

ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಮೇಲೆ ಬಂದ ಗ್ರಂಥಮಾಲೆಯಲ್ಲಿ ಪತಂಗಗಳ ಮೊದಲ ನಾಲ್ಕು ಸಂಪುಟ ಬರೆದವನು ಜಾರ್ಜ್ ಹ್ಯಾಂಪ್ಸನ್. ನೀಲಗಿರಿಯಲ್ಲಿ ಟೀ ತೋಟ ಮಾಡಿಕೊಂಡಿದ್ದವನು, ಆಮೇಲೆ ಲಂಡನ್ನಿಗೆ ಹೋಗಿ ಬ್ರಿಟಿಷ್ ಮ್ಯೂಸಿಯಂ ಸೇರಿದ. 1892ರಿಂದ 1896ರೊಳಗೆ ನಾಲ್ಕೂ ಸಂಪುಟ ಮುಗಿಸಿದ ದೈತ್ಯ ಕೆಲಸಗಾರ. ಆ ಪುಸ್ತಕ ಇಲ್ಲದಿದ್ದರೆ ಇವತ್ತಿಗೂ ನಮಗೆ ದಿಕ್ಕಿಲ್ಲ. ಆದರೆ ಅವನ ಪತಂಗ ಬಹುತೇಕ ಸೂಜಿಗೆ ಚುಚ್ಚಿದ ಪತಂಗ: ರೆಕ್ಕೆಯ ನರ, ಮೀಸೆ, ಬಣ್ಣ, ಅಳತೆ. ಹುಳು ಗೊತ್ತಿದ್ದಲ್ಲಿ ಎರಡು ಸಾಲು.

ಐದನೆಯ ಸಂಪುಟ 1937ರಲ್ಲಿ ಬಂತು. ಹ್ಯಾಂಪ್ಸನ್ ತನ್ನ ಮೊದಲ ಸಂಪುಟದಲ್ಲಿ ಮುಗಿಸಿದ್ದ ಒಂದು ಕುಟುಂಬವನ್ನು, ಸ್ಫಿಂಜಿಡೇ ಎಂಬ ವೇಗದ ಪತಂಗಗಳನ್ನು, ಮತ್ತೆ ಹೊಸದಾಗಿ ಬರೆದ ಸಂಪುಟ ಅದು. ಬರೆದವರು ಟಿ. ಆರ್. ಬೆಲ್ ಮತ್ತು ಮೇಜರ್ ಎಫ್. ಬಿ. ಸ್ಕಾಟ್. ಈ ಬೆಲ್ ಐರ್ಲೆಂಡಿನವನು. ಅರಣ್ಯ ಇಲಾಖೆಯ ಅಧಿಕಾರಿಯಾಗಿ ಉತ್ತರ ಕನ್ನಡಕ್ಕೆ ಬಂದು, ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದ. ಅಲ್ಲಿ ಕಲೆಕ್ಟರ್ ಆಗಿದ್ದ ಡೇವಿಡ್ಸನ್, ಉಪ್ಪು-ಸುಂಕದ ಇಲಾಖೆಯ ಏಟ್ಕೆನ್ ಜೊತೆ ಸೇರಿ 1896ರಿಂದ ಮುಂಬಯಿ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬರೆದವನೂ ಇವನೇ. ಈ ಮೂವರಲ್ಲಿ ಯಾರಿಗೂ ಕೀಟಶಾಸ್ತ್ರ ಸಂಬಳ ತರುವ ಉದ್ಯೋಗವಾಗಿರಲಿಲ್ಲ.

ಬೆಲ್‌ನ ಹೆಚ್ಚುಗಾರಿಕೆ ಅವನ ಪುಸ್ತಕದ ಒಂದು ಜಾತಿಯನ್ನು ತೆಗೆದು ಓದಿದರೆ ಸಾಕು, ಕಾಣುತ್ತದೆ. ಪತಂಗದ ವಿವರ ಬರುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಮೊಟ್ಟೆ ಎಂಥದ್ದು, ಮೊದಲ ದಿನದ ಹುಳು ಎಂಥದ್ದು, ಮೈ ಬಿಟ್ಟಾಗಲೆಲ್ಲ ಬಣ್ಣ ಹೇಗೆ ತಿರುಗುತ್ತದೆ, ಬಾಲದ ಕೊಂಬು ಉದ್ದವೋ ಗಿಡ್ಡವೋ, ಎಲೆಯ ಯಾವ ಭಾಗದಲ್ಲಿ ಕೂರುತ್ತದೆ, ಮುಟ್ಟಿದರೆ ಏನು ಮಾಡುತ್ತದೆ, ಕೋಶ ಮಣ್ಣೊಳಗೋ ಒಣಎಲೆಯ ನಡುವೆಯೋ, ತಿನ್ನುವ ಗಿಡ ಯಾವುದು. ಅವನಿಗೆ ಇದು ಸಾಧ್ಯವಾದದ್ದು ಗಿಡ ಗೊತ್ತಿದ್ದರಿಂದ. ಸೆಡ್ಜ್‌ವಿಕ್ ಎಂಬ ಅಧಿಕಾರಿಯ ಜೊತೆಗೂಡಿ ಉತ್ತರ ಕನ್ನಡದ ಸಸ್ಯಗಳನ್ನೂ ಸಂಗ್ರಹಿಸಿದ್ದವನು ಅವನು. ಮರ ಗೊತ್ತಿಲ್ಲದವನಿಗೆ ಹುಳು ಸಿಗುವುದಿಲ್ಲ. ಹುಳು ಸಿಗದಿದ್ದರೆ ಪತಂಗ ಎಲ್ಲಿಂದಲೋ ಹಾರಿ ಬಂದ ಅತಿಥಿಯಾಗಿಯೇ ಉಳಿಯುತ್ತದೆ. ಉತ್ತರ ಕನ್ನಡದ ಕಾಡಿನ ಬಗ್ಗೆ ಇಷ್ಟು ಹತ್ತಿರದಿಂದ ನೋಡಿ ಬರೆದ ಪುಸ್ತಕಗಳು ಬೆರಳೆಣಿಕೆಯಷ್ಟು. ಬೆಲ್‌ನ ಈ ಪುಸ್ತಕ ನಮ್ಮ ಕಾಲೇಜುಗಳ ಪಾಠದಲ್ಲಿ ಇಲ್ಲ, ಕನ್ನಡದಲ್ಲಿ ಇದರ ಮಾತೆತ್ತಿದವರು ಕಡಿಮೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಜಾತಿಯನ್ನು ವಿವರಿಸುವುದು ಎಂದರೆ ಬೆಲ್ ಮಾಡಿದಂಥ ಈ ಕೆಲಸ ಎಂದು ನಾನು ನಂಬುತ್ತೇನೆ. ಹೆಸರು ಕೊಡುವ ಕೆಲಸ ಅದರ ಒಂದು ಚೂರು. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆ ಕೇಳುವುದಾದರೂ ಎಷ್ಟು? ಇದನ್ನು ಬೇರೆ ಜಾತಿಗಳಿಂದ ಪ್ರತ್ಯೇಕಿಸುವ ಲಕ್ಷಣಗಳನ್ನು ಹೇಳು, 2000ದಿಂದೀಚೆಗಾದರೆ ಮೂಲ ಮಾದರಿ ಯಾವುದೆಂದು ಸ್ಪಷ್ಟವಾಗಿ ನಮೂದಿಸು. ಬದುಕಿನ ಬಗ್ಗೆ ಒಂದಕ್ಷರ ಬೇಕಿಲ್ಲ. ಕಾನೂನು ಕೇಳುವ ಕನಿಷ್ಠವನ್ನೇ ನಾವು ವಿಜ್ಞಾನದ ಗರಿಷ್ಠ ಮಾಡಿಕೊಂಡಿದ್ದೇವೆ. ಹೊಸ ಜಾತಿ ಪತ್ತೆ ಎಂಬ ತಲೆಬರಹ ಬಂದಾಗ ಚಪ್ಪಾಳೆ ತಟ್ಟುತ್ತೇವೆ. ಆ ಪತಂಗದ ಹುಳು ಯಾವ ಎಲೆಯ ಮೇಲೆ ಇದೆ ಎಂದು ಹತ್ತು ವರ್ಷ ಬಿಟ್ಟು ಕೇಳಿದರೂ ಉತ್ತರ ಇರುವುದಿಲ್ಲ. ಮರ ಕಡಿಯುವ ಕಡತ ಬಂದಾಗ ಅದರ ಪರವಾಗಿ ಹೇಳಲು ನಮ್ಮ ಕೈಯಲ್ಲಿ ಏನಿದೆ? ಒಂದು ಲ್ಯಾಟಿನ್ ಹೆಸರು.

ಇಲ್ಲಿ ಆ ಮೂರ್ ಮತ್ತೆ ನೆನಪಾಗುತ್ತಾನೆ, ತಪ್ರೊಬಾನಿಸ್ ಎಂದು ಹೆಸರಿಟ್ಟವನು. ಸಿಲೋನಿನ ಚಿಟ್ಟೆ-ಪತಂಗಗಳ ಮೇಲೆ ಅವನು ತಂದ ಮೂರು ಸಂಪುಟಗಳಲ್ಲಿ ಇಂದಿಗೂ ಜನ ಬೆರಗಾಗಿ ನೋಡುವುದು ಚಿತ್ರಗಳನ್ನು. ಹುಳು, ಕೋಶ, ಅದು ಮೇಯುವ ಗಿಡ ಸಮೇತ ಜೀವಂತ ನೋಡಿ ಬರೆದ ಆ ಮೂಲ ಚಿತ್ರಗಳು ಪೇರಾದೆನಿಯ ಸಸ್ಯೋದ್ಯಾನದ ಆಶ್ರಯದಲ್ಲಿ ಕೆಲಸ ಮಾಡಿದ ಸಿಂಹಳ ಕಲಾವಿದರವು, ವಿಲಿಯಂ ಮತ್ತು ಜಾರ್ಜ್ ಡಿ ಆಲ್ವಿಸ್ ಎಂಬ ಅಣ್ಣತಮ್ಮಂದಿರವು. ಜಾತಿಯ ಹೆಸರಿನ ಬಾಲಕ್ಕೆ ಇವತ್ತಿಗೂ ಮೂರ್ ಎಂದು ಅಂಟಿಕೊಂಡಿದೆ. ಕಾಡಿನ ಪಕ್ಕ ಕೂತು ಹುಳು ಸಾಕಿ, ಅದು ಬಣ್ಣ ಬದಲಿಸುವುದನ್ನು ಕಾದು, ಬಣ್ಣ ಕಲೆಸಿದವರಿಗೆ ಆ ಬಾಲದಲ್ಲಿ ಜಾಗವಿಲ್ಲ. ಹೆಸರೇ ದೊಡ್ಡದು ಎಂಬ ನಂಬಿಕೆ ಯಾರನ್ನು ಮುಂದಿಟ್ಟು ಯಾರನ್ನು ಮರೆಸಿತು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಡಿಎನ್ಎ ಬಂದ ಮೇಲೆ ಈ ಹುಳು ಸಾಕುವ ರಗಳೆ ಯಾಕೆ ಎಂದು ಕೇಳುವುದು ಈಗಿನ ರೂಢಿ. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಒಂದೇ ಜೀನಿನ ಸುಮಾರು 650 ಅಕ್ಷರಗಳನ್ನು ಓದಿ ಜಾತಿ ಗುರುತಿಸುವ ಬಾರ್‌ಕೋಡ್ ವಿಧಾನ ಮುಂದಿಟ್ಟಿತು. ಅದರ ಮೊದಲ ದೊಡ್ಡ ಗೆಲುವು ಎಂದು ಎಲ್ಲರೂ ಹೇಳುವುದು ಕೋಸ್ಟರಿಕಾದ ಗ್ವಾನಕಾಸ್ತೆ ಕಾಡಿನ ಕತೆಯನ್ನು. ಆ ಕತೆಯ ಆಸ್ಟ್ರಾಪ್ಟಿಸ್ ಫಲ್ಜಿರೇಟರ್ ಎಂಬುದು ಚಿಟ್ಟೆ, ಪತಂಗವಲ್ಲ; ವಾದಕ್ಕೆ ಅದರಿಂದ ತೊಡಕಿಲ್ಲ. 1775ರಲ್ಲಿ ಹೆಸರು ಪಡೆದು ಇನ್ನೂರು ವರ್ಷ ಒಂದೇ ಜಾತಿ ಎನಿಸಿಕೊಂಡಿದ್ದು, 2004ರಲ್ಲಿ ಹತ್ತು ಜಾತಿ ಎಂದಾಯಿತು. ಹತ್ತೇ ಹೌದೋ ಎಂದು ಆಮೇಲೆ ತಕರಾರು ಬಂತು, ಒಂದಕ್ಕಿಂತ ಹೆಚ್ಚು ಎಂಬುದರಲ್ಲಿ ತಕರಾರಿಲ್ಲ. ಯಂತ್ರ ಗೆದ್ದಿತು ಎಂದು ಈ ಕತೆ ಹೇಳುವವರು ಅದರ ಮೊದಲ ಭಾಗ ಬಿಟ್ಟುಬಿಡುತ್ತಾರೆ. ಡ್ಯಾನಿಯಲ್ ಜಾನ್ಜೆನ್, ವಿನಿ ಹಾಲ್‌ವಾಕ್ಸ್ ಮತ್ತು ಅವರು ತರಬೇತಿ ಕೊಟ್ಟ ಆ ಊರಿನ ಜನ ಕಾಡಿನಿಂದ ಹುಳು ತಂದು, ಒಂದೊಂದನ್ನೂ ಅದು ಸಿಕ್ಕ ಗಿಡದ ಎಲೆ ಹಾಕಿಯೇ ಸಾಕಿ, ವರ್ಷಗಟ್ಟಲೆ ಬರೆದಿಟ್ಟಿದ್ದರು. ರೆಕ್ಕೆ ಬಂದ ಮೇಲೆ ಎಲ್ಲ ಒಂದೇ; ಹುಳುವಾಗಿದ್ದಾಗ ಬಣ್ಣ ಬೇರೆ, ಗಿಡ ಬೇರೆ. ಅನುಮಾನ ಹುಟ್ಟಿದ್ದು ಅಲ್ಲಿ. ಹುಳು ಸಾಕಿ ಬರೆದಿಟ್ಟ ಆ ದಾಖಲೆ ಇಲ್ಲದಿದ್ದರೆ ಬಾರ್‌ಕೋಡು ತೋರಿಸಿದ ಗೆರೆಗಳಿಗೆ ಅರ್ಥ ಹೇಳುವವರು ಇರುತ್ತಿರಲಿಲ್ಲ.

ನಮ್ಮಲ್ಲಿ ಈ ಕೆಲಸ ಮಾಡುವ ಜನ ಎಲ್ಲಿದ್ದಾರೆ ಎಂದು ಕೇಳಿದವರಿಗೆ ನಾನು ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ಶಿಡ್ಲಘಟ್ಟದ ಕಡೆಯವರು, ನಲವತ್ತು ವರ್ಷ ರೇಷ್ಮೆ ಬೆಳೆದವರು. ಒಮ್ಮೆ ನಮ್ಮ ಮನೆಗೆ ಬಂದಾಗ ನಂದಿಬಟ್ಟಲಿನಿಂದ ತಂದ ನೀರಿಯೈ ಹುಳುವೊಂದು ನನ್ನ ಮೇಜಿನ ಮೇಲೆ ಡಬ್ಬಿಯಲ್ಲಿತ್ತು. ಎರಡು ದಿನದಿಂದ ಎಲೆ ಮುಟ್ಟಿರಲಿಲ್ಲ. ಕಾಯಿಲೆ ಬಿದ್ದಿದೆ, ಬೇರೆ ಎಲೆ ಹಾಕೋಣ ಎಂದು ನಾನು ಅದನ್ನು ಎತ್ತಲು ಹೋದೆ.

"ಮುಟ್ಟಬ್ಯಾಡ ಕಣಪ್ಪ," ಅಂದರು ಮಾವ. "ಕಾಯಿಲೆ ಏನಿಲ್ಲ, ಜ್ವರಕ್ಕೆ ಕೂತೈತೆ. ತಲೆ ನೋಡು, ಮುಂದಕ್ಕೆ ಉಬ್ಬಿಕೊಂಡೈತೆ. ನಾಳೆ ಹೊತ್ತಿಗೆ ಏಳ್ತದೆ."

ರೇಷ್ಮೆ ಸೀಮೆಯಲ್ಲಿ ಹುಳು ಮೈ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಮರುದಿನ ಮಧ್ಯಾಹ್ನ ಹಳೆ ಚರ್ಮ ಕಾಲುಚೀಲದಂತೆ ಹಿಂದಕ್ಕೆ ಸರಿದು, ಒದ್ದೆ ಹಸಿರಿನ ಹುಳು ಹೊರಬಂದು ಎದ್ದಿತು. ಉದ್ದದ ಕಪ್ಪು ಕೂದಲಿನಂತಿದ್ದ ಬಾಲದ ಕೊಂಬು ಬೆಳೆಬೆಳೆಯುತ್ತ ಗಿಡ್ಡ ಹಳದಿ ಮೊಳೆಯಾಗಿತ್ತು. ಎದೆಯ ಮೇಲೆ ನೀಲಿ-ಬಿಳಿಯ ಎರಡು ಸುಳ್ಳು ಕಣ್ಣು. ಪೆನ್ಸಿಲಿನ ತುದಿ ತಾಗಿಸಿದರೆ ತಲೆ ಒಳಗೆಳೆದುಕೊಂಡು ಆ ಕಣ್ಣುಗಳನ್ನು ಉಬ್ಬಿಸುತ್ತಿತ್ತು. ಮಾವ ಹಿಕ್ಕೆ ನೋಡಿ ಎಷ್ಟನೇ ಹಂತ ಎಂದು ಹೇಳಿದರು. ಆರೇಳು ದಿನ ಕಳೆದು ಹುಳುವಿನ ಬೆನ್ನು ಕಪ್ಪುಗಂದಾಗಿ ಡಬ್ಬಿಯೊಳಗೆ ಸುತ್ತು ಹೊಡೆಯಲು ಶುರುಮಾಡಿತು. ಫೋನಿನಲ್ಲಿ ಹೇಳಿದೆ. "ಹಣ್ಣಾಗೈತೆ. ಅದರ ಚಂದ್ರಿಕೆ ಯಾವುದೋ ಅದನ್ನ ಕೊಡು," ಎಂದರು. ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ತಟ್ಟೆ. ಇದಕ್ಕೆ ನಾನು ಒಣಎಲೆ ಹಾಸಿದೆ. ಅದರೊಳಗೆ ತೆಳ್ಳಗೆ ನೂಲು ಬಿಟ್ಟುಕೊಂಡು ಕೋಶವಾಯಿತು. ಹದಿಮೂರನೇ ರಾತ್ರಿ ಪತಂಗ ಹೊರಗೆ ಬಂತು.

ಮಾವನಿಗೆ ಅದರ ಲ್ಯಾಟಿನ್ ಹೆಸರು ಗೊತ್ತಿರಲಿಲ್ಲ, ಅದನ್ನು ಅವರು ಹಿಂದೆ ಕಂಡಿರಲೂ ಇಲ್ಲ. ಆದರೂ ಹೆಸರು ಬಲ್ಲ ನನಗಿಂತ ಅವರಿಗೆ ಅದರ ಮೈ ಹೆಚ್ಚು ಅರ್ಥವಾಯಿತು. ಎಳೆಹುಳುವಿನ ಚಾಕಿ, ಜ್ವರ, ಹಣ್ಣಾಗುವುದು, ಚಂದ್ರಿಕೆ, ಗೂಡು, ಹಿಕ್ಕೆ: ಪತಂಗದ ಬದುಕನ್ನು ಹಂತಹಂತವಾಗಿ ಹಿಡಿಯುವ ಇಂಥ ಸಿದ್ಧ ಮಾತುಗಳು ಕನ್ನಡದಲ್ಲಿ ಬಳಕೆಯಲ್ಲಿರುವಾಗ, ನಾವು ಇಂಗ್ಲಿಷಿನ ಹೆಸರನ್ನು ಪದಕ್ಕೆ ಪದ ತಿರುಗಿಸಿ ಗಿಡುಗ ಪತಂಗ, ಗೂಬೆ ಪತಂಗ ಎಂದು ಪಟ್ಟಿ ಮಾಡುವುದನ್ನೇ ಕನ್ನಡದ ಕೆಲಸ ಎಂದುಕೊಂಡಿದ್ದೇವೆ. ಹತ್ತು ಸಾವಿರ ಪತಂಗಗಳಿಗೆ ಹತ್ತು ಸಾವಿರ ಅನುವಾದದ ಹೆಸರು ಕೊಟ್ಟರೂ ಒಂದು ಹುಳುವಿನ ವಿಷಯ ತಿಳಿಯುವುದಿಲ್ಲ. ಶಿರಸಿಯ ಬೆಟ್ಟದ ಸೊಪ್ಪು ತರುವವರಿಗೆ ಮರ ಗೊತ್ತು, ಶಿಡ್ಲಘಟ್ಟದವರಿಗೆ ಹುಳು ಗೊತ್ತು, ಬೆಂಗಳೂರಿನ ಸಂಗ್ರಹಾಲಯದವರಿಗೆ ಸೂಕ್ಷ್ಮದರ್ಶಕದ ಕೆಳಗಿನ ಆ ಬೀಗ ಗೊತ್ತು. ಬೆಲ್‌ನಂಥ ಒಬ್ಬನಲ್ಲಿ ಕೂಡಿಬಂದದ್ದು ನಮ್ಮಲ್ಲಿ ಮೂರು ಕಡೆ ಹಂಚಿಹೋಗಿದೆ. ಇವರು ಒಂದು ಜಗಲಿಯಲ್ಲಿ ಕೂತದ್ದನ್ನು ನಾನು ಇನ್ನೂ ನೋಡಿಲ್ಲ. ಫೋನಿನಲ್ಲಿರುವ ಸಾವಿರಾರು ಚಿತ್ರಗಳು ಆ ಕೂಟಕ್ಕೆ ಕರೆಯೋಲೆಯಾಗಬಹುದು. ಸದ್ಯಕ್ಕೆ ಅವನ್ನೇ ಊಟ ಎಂದುಕೊಂಡು ನಾವು ಕೈ ತೊಳೆದು ಎದ್ದಿದ್ದೇವೆ.

ಇದನ್ನು ಬರೆಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಇನ್ನೊಂದು ಡಬ್ಬಿ ಇದೆ. ದೇವಿಮನೆ ಘಟ್ಟದ ಕೆಳಗಿನ ಊರಿನಲ್ಲಿ ಗೆಳೆಯರ ತೋಟದ ಬೇಲಿಯ ಬಳ್ಳಿಯ ಮೇಲೆ ಸಿಕ್ಕ ಹುಳು, ಕಿರುಬೆರಳಿನ ಅರ್ಧದಷ್ಟು. ಪಕ್ಕದಲ್ಲಿ ಓರೆಯಾದ ಏಳು ಬಿಳಿ ಗೆರೆ, ಕೊಂಬಿನ ಬುಡ ಕೆಂಪು. ಬಳ್ಳಿಯ ಒಂದು ತುಂಡನ್ನು ಕಾಗದದ ನಡುವೆ ಒಣಗಿಸಿ ಗಿಡ ಬಲ್ಲವರಿಗೆ ಕಳಿಸಿದ್ದೇನೆ. ಫೋನು ನಾಲ್ಕು ಹೆಸರು ಹೇಳಿತು, ನಾಲ್ಕನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಇದೇ ಬೇಲಿಯಿಂದ ಹೋದ ವರ್ಷ ತಂದ ಹುಳುವಿನ ಮೈಯಿಂದ ಕಣಜದ ಬಿಳಿ ಗೂಡುಗಳು ಅಕ್ಕಿ ಚೆಲ್ಲಿದಂತೆ ಹೊರಬಂದು ಅದು ಸತ್ತಿತ್ತು. ಆ ಹನ್ನೊಂದು ದಿನದ ಟಿಪ್ಪಣಿ ಹಾಗೇ ಇದೆ. ಈ ಸಲದ್ದು ನಿನ್ನೆ ಸಂಜೆಯಿಂದ ಎಲೆ ಬಿಟ್ಟು, ನಡುನರದ ಕೆಳಗೆ ತಲೆ ಎತ್ತಿ ಅಲುಗದೆ ಕೂತಿದೆ. ಬೆಳಗ್ಗೆ ಮಾವ ಫೋನ್ ಮಾಡಿದ್ದರು. ಎದ್ದಿತಾ ಎಂದು ಕೇಳಿದರು. ಇಲ್ಲ ಮಾವ, ಮೂರನೇ ಜ್ವರ, ಇನ್ನೂ ಕೂತೇ ಇದೆ ಅಂದೆ.